ಕಣ್ಣಿಗೆ ಕಸ ಬಿತ್ತು, ಅಷ್ಟೆ

ಪ್ರೇಮಚಿತ್ರವೆಂದರೆ ಮೂಗು ಮುರಿಯುವವರದೊಂದು ಪಂಗಡವಿದೆ. ಅದಕ್ಕೆ ಸಂಘವಿಲ್ಲ, ಬೈಲಾ ಇಲ್ಲ, ವಾರ್ಷಿಕೋತ್ಸವವೂ ಇಲ್ಲ. ಇದ್ದಿದ್ದರೆ ಖಜಾಂಚಿ ಹುದ್ದೆಗೆ ಮೊದಲ ಅರ್ಜಿ ನನ್ನದೇ. 'ಒಳ್ಳೇ ಲವ್ ಸ್ಟೋರಿಯಂತೆ' ಎಂದು ಯಾರಾದರೂ ಅಂದರೆ ನಮ್ಮ ಮುಖ ಹಾಗಲಕಾಯಿ ಕಚ್ಚಿದ ಹಾಗಾಗುತ್ತದೆ. ನಾಯಕಿಯ ಕೈಯಿಂದ ಪುಸ್ತಕ ಜಾರಿ ಬಿದ್ದರೆ ಮುಂದಿನ ಎರಡೂವರೆ ಗಂಟೆ ನಮಗೆ ಕಂಠಪಾಠ: ಬಗ್ಗುವುದು, ತಲೆಗೆ ತಲೆ ತಾಗುವುದು, ಹಿಮದ ಬೆಟ್ಟದ ಮೇಲೆ ತೆಳು ಸೀರೆಯಲ್ಲಿ ಹಾಡು, ಮೀಸೆಯ ಅಪ್ಪ, ಕೊನೆಗೆ ರೈಲ್ವೆ ಸ್ಟೇಷನ್ನೋ ವಿಮಾನ ನಿಲ್ದಾಣವೋ. ಆದರೆ ಪಂಗಡದ ಗುಟ್ಟೊಂದನ್ನು ಇಲ್ಲಿ ರಟ್ಟು ಮಾಡುತ್ತಿದ್ದೇನೆ, ಸದಸ್ಯತ್ವ ಹೋದರೆ ಹೋಗಲಿ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡಿನಂತೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ನಾಲ್ಕೈದು ಪ್ರೇಮಚಿತ್ರಗಳ ಗುಪ್ತ ದಾಸ್ತಾನು ಇರುತ್ತದೆ. ಸಿಕ್ಕಿಬಿದ್ದರೆ 'ಅದು ಪ್ರೇಮಚಿತ್ರ ಅಲ್ಲ, ಅದು ಬೇರೆ' ಎಂಬ ಉತ್ತರವೂ ಸಿದ್ಧವಿರುತ್ತದೆ. ಬೇರೆ ಅಂದರೆ ಹೇಗೆ ಬೇರೆ? ಇದಕ್ಕೆ ನನ್ನಲ್ಲೊಂದು ಸಿದ್ಧಾಂತವಿದೆ. ಆ ಚಿತ್ರಗಳಲ್ಲಿ ಪ್ರೇಮಿಗಳಿಗೆ ಪ್ರೇಮಿಸುವುದಲ್ಲದೆ ಬೇರೆ ಕೆಲಸವಿರುತ್ತದೆ. ನಮಗೆ ಆಗದಿರುವುದು ಪ್ರೇಮವಲ್ಲ, ನಿರುದ್ಯೋಗ.

ನಗಬೇಡಿ, ಸಾಕ್ಷ್ಯವಿದೆ. ಡೇವಿಡ್ ಲೀನ್ 1945ರಲ್ಲಿ ಮಾಡಿದ 'ಬ್ರೀಫ್ ಎನ್‌ಕೌಂಟರ್' ಚಿತ್ರವನ್ನೇ ತೆಗೆದುಕೊಳ್ಳಿ. ಲಾರಾ ಮಕ್ಕಳೊಂದಿಗಳು, ಪ್ರತಿ ಗುರುವಾರ ರೈಲು ಹತ್ತಿ ಪಕ್ಕದ ಊರಿಗೆ ಹೋಗಿ ಸಾಮಾನು ಕೊಂಡು, ಲೈಬ್ರರಿ ಪುಸ್ತಕ ಬದಲಾಯಿಸಿಕೊಂಡು ಬರುವವಳು. ಅಲೆಕ್ ಡಾಕ್ಟರು, ಗುರುವಾರ ಅಲ್ಲಿನ ಆಸ್ಪತ್ರೆಯಲ್ಲಿ ಅವನಿಗೆ ಡ್ಯೂಟಿ. ಪ್ಲಾಟ್‌ಫಾರ್ಮಿನಲ್ಲಿ ಎಕ್ಸ್‌ಪ್ರೆಸ್ ರೈಲೊಂದು ಹಾದುಹೋಗುವಾಗ ಅವಳ ಕಣ್ಣಿಗೆ ಕಸ ಬೀಳುತ್ತದೆ. ನಮ್ಮ ಸಿನಿಮಾದಲ್ಲಿ ನಾಯಕಿಯ ಕಣ್ಣಿಗೆ ಕಸ ಬಿತ್ತೆಂದರೆ ಮುಗಿಯಿತು. ನಾಯಕ ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಉಫ್ ಎಂದು ಊದುತ್ತಾನೆ, ಆ ಗಾಳಿಗೆ ಕೂದಲು ಹಾರುತ್ತದೆ, ಸೆರಗು ಹಾರುತ್ತದೆ, ಕೊನೆಗೆ ಕ್ಯಾಮೆರಾ ಕೂಡ ಹಾರಿ ಸ್ವಿಟ್ಜರ್ಲೆಂಡಿನಲ್ಲಿ ಇಳಿಯುತ್ತದೆ. ಇಲ್ಲಿ ಡಾಕ್ಟರು ಕರವಸ್ತ್ರದ ತುದಿಯಿಂದ ಕಸ ತೆಗೆಯುತ್ತಾನೆ, ಅವಳು ಥ್ಯಾಂಕ್ಸ್ ಹೇಳುತ್ತಾಳೆ, ಇಬ್ಬರೂ ತಂತಮ್ಮ ರೈಲು ಹಿಡಿಯುತ್ತಾರೆ. ಕಣ್ಣಿನ ಒಳಗೆ ಕಸವಿತ್ತು, ಅದನ್ನು ತೆಗೆಯುವುದು ಬಲ್ಲವನೊಬ್ಬ ಹತ್ತಿರದಲ್ಲಿದ್ದ, ಅಷ್ಟೆ. ಪ್ರೇಮ ಆಮೇಲೆ ಬರುತ್ತದೆ, ಅದೂ ಗುರುವಾರ ಗುರುವಾರ, ಟೈಮ್‌ಟೇಬಲ್ ನೋಡಿಕೊಂಡು. ಅವನಿಗೆ ದಕ್ಷಿಣ ಆಫ್ರಿಕಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಮುಗಿಯುತ್ತದೆ. ಕೆಲಸವೇ ಸೇರಿಸಿತು, ಕೆಲಸವೇ ಅಗಲಿಸಿತು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಶುದ್ಧವಾದ ಸಾಕ್ಷಿ ಸಿಗಲಾರದು.

ಆದರೆ ಈ ಚಿತ್ರದ ಪರಮ ಸೌಭಾಗ್ಯ ಇರುವುದು ಸ್ಟೇಷನ್ನಿನಲ್ಲಲ್ಲ, ಮನೆಯೊಳಗೆ, ಪದಬಂಧದ ಚೌಕಗಳಲ್ಲಿ. ಎಲ್ಲ ಮುಗಿಸಿ, ಎದೆಯೊಳಗೆ ಬೆಂಕಿ ಇಟ್ಟುಕೊಂಡು ಲಾರಾ ಮನೆಗೆ ಬಂದಿದ್ದಾಳೆ. ಗಂಡ ಫ್ರೆಡ್ ಆರಾಮಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದಾನೆ. ಏಳಕ್ಷರದ ಪದವೊಂದಕ್ಕೆ ಸಿಕ್ಕಿಹಾಕಿಕೊಂಡು, ನಿನಗೆ ಕಾವ್ಯ ಗೊತ್ತಲ್ಲ, ಇದೇನಿರಬಹುದು ಎಂದು ಕೇಳುತ್ತಾನೆ. ಕೀಟ್ಸ್ ಕವಿಯ ಸಾಲೊಂದರ ಬಿಟ್ಟ ಸ್ಥಳ ತುಂಬಬೇಕು. ಅವಳು ಹೇಳುತ್ತಾಳೆ: ರೊಮ್ಯಾನ್ಸ್. ಫ್ರೆಡ್ ಒಪ್ಪುತ್ತಾನೆ, 'ಡಿಲೀರಿಯಂ' ಮತ್ತು 'ಬಲೂಚಿಸ್ತಾನ'ಕ್ಕೆ ಅದು ಸರಿಯಾಗಿ ಕೂರುತ್ತದಂತೆ. ಸ್ವಲ್ಪ ನಿಧಾನಿಸಿ ನೋಡಿ. ಜಗತ್ತಿನ ಸಮಸ್ತ ಪ್ರೇಮಕವಿಗಳು ಹಿಡಿಯಲು ಹೆಣಗಿದ ವಸ್ತು ಇಲ್ಲಿ ಒಂದು ಮಗ್ಗುಲಲ್ಲಿ ಜ್ವರದ ಸನ್ನಿಯನ್ನೂ ಇನ್ನೊಂದು ಮಗ್ಗುಲಲ್ಲಿ ಯಾರೂ ಪ್ರವಾಸ ಹೋಗದ ಮರಳುಗಾಡನ್ನೂ ಇಟ್ಟುಕೊಂಡು ಏಳು ಚೌಕಗಳಲ್ಲಿ ಕೂತಿದೆ. ಸನ್ನಿ ಸರಿ, ಒಪ್ಪೋಣ. ಪ್ರೇಮಕ್ಕೂ ಅದಕ್ಕೂ ಹಳೆಯ ನಂಟು. ಬಲೂಚಿಸ್ತಾನ ಏಕೆ? ಯಾವ ಅಕ್ಷರದಲ್ಲಿ ಅದು ರೊಮ್ಯಾನ್ಸನ್ನು ಅಡ್ಡ ಹಾಯುತ್ತದೆ? ಪೆನ್ಸಿಲ್ ಹಿಡಿದು ಲೆಕ್ಕ ಹಾಕುವ ಹುಚ್ಚು ಯಾರಿಗಾದರೂ ಹತ್ತಿದರೆ (ಹತ್ತುತ್ತದೆ, ನಾಚಿಕೆ ಏಕೆ) ಎ, ಎನ್, ಸಿ ಈ ಮೂರರಲ್ಲಿ ಒಂದೆಂದು ತಿಳಿಯುತ್ತದೆ. ಕನ್ನಡದ ಪದಬಂಧದಲ್ಲಾದರೆ ಈ ಸುಖವಿಲ್ಲ. ರೊಮ್ಯಾನ್ಸ್ ಮೂರೇ ಮನೆ, ಪ್ರಣಯವೂ ಮೂರು, ಪ್ರೀತಿ ಬರೀ ಎರಡು. ಎರಡು ಮನೆಯ ಪದವನ್ನು ನಮ್ಮ ಸಿನಿಮಾದವರು ಎರಡೂವರೆ ಗಂಟೆ ಹೇಗೆ ಎಳೆಯುತ್ತಾರೋ. ಫ್ರೆಡ್ ಮಾತ್ರ ಅರೆ ಕ್ಷಣದಲ್ಲಿ ಬರೆದುಕೊಂಡು ಮುಂದಿನ ಸುಳಿವಿಗೆ ಹೋದ. ಎದುರಿಗೆ ಕೂತ ಹೆಂಡತಿ ಉತ್ತರವನ್ನು ಕಾವ್ಯದಿಂದ ಹೇಳಲಿಲ್ಲ, ಮಧ್ಯಾಹ್ನದಿಂದ ಹೇಳಿದಳು ಎಂಬುದು ನಮಗೆ ಗೊತ್ತು. ಅವನಿಗೆ ಗೊತ್ತೋ ಇಲ್ಲವೋ ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಉಳಿದ ದಾಸ್ತಾನನ್ನು ಬೇಗ ಎಣಿಸಿಬಿಡುತ್ತೇನೆ. ರಿತೇಶ್ ಬಾತ್ರಾರ 'ಲಂಚ್‌ಬಾಕ್ಸ್' (2013): ಮುಂಬೈಯ ಡಬ್ಬಾವಾಲಾ ಡಬ್ಬಿ ತಪ್ಪಿ ಕೊಟ್ಟದ್ದರಿಂದ ಇಳಾ ಗಂಡನಿಗೆಂದು ಮಾಡಿದ ಅಡುಗೆ ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತ ಸಾಜನ್ ಫರ್ನಾಂಡಿಸನ ಮೇಜಿಗೆ ಬರುತ್ತದೆ. ಅವನು ಬರೆಯುವ ಮೊದಲ ಚೀಟಿಯಲ್ಲಿ ಇರುವುದು ಊಟಕ್ಕೆ ಉಪ್ಪು ಜಾಸ್ತಿಯಾಗಿತ್ತು ಎಂಬ ದೂರು. ಪ್ರೇಮಪತ್ರಗಳ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಆರಂಭ ಇನ್ನೊಂದಿಲ್ಲ. ಮಾರನೆಯ ದಿನ ಅವಳು ಸೇಡಿಗೆ ಖಾರ ಸುರಿಯುತ್ತಾಳೆ, ಅವನು ಬಾಳೆಹಣ್ಣು ತಿಂದು ನಾಲಿಗೆ ಉಳಿಸಿಕೊಳ್ಳುತ್ತಾನೆ. ಪ್ರೇಮಕ್ಕೆ ಬುನಾದಿ ಬಿತ್ತು. ಮೇಲಿನ ಮಹಡಿಯ ದೇಶಪಾಂಡೆ ಆಂಟಿ ಬರೀ ದನಿಯಾಗಿ ಕೇಳಿಸುತ್ತಾರೆ, ಮುಖ ಕಾಣುವುದಿಲ್ಲ. ಹಾಸಿಗೆ ಹಿಡಿದು ಫ್ಯಾನನ್ನೇ ದಿಟ್ಟಿಸುತ್ತಾ ಮಲಗಿರುವ ಗಂಡನಿಗಾಗಿ ಆ ಫ್ಯಾನು ನಿಲ್ಲದಂತೆ ನೋಡಿಕೊಳ್ಳುವ ಆಂಟಿಯದೂ ಪ್ರೇಮಕಥೆಯೇ, ಅದಕ್ಕೆ ಹಾಡಿಲ್ಲ ಅಷ್ಟೆ. ವಾಂಗ್ ಕಾರ್ ವಾಯ್ ಅವರ 'ಇನ್ ದಿ ಮೂಡ್ ಫಾರ್ ಲವ್' (2000) ಚಿತ್ರದಲ್ಲಿ 1962ರ ಹಾಂಗ್‌ಕಾಂಗ್; ಅವನು ಪತ್ರಿಕೆಯವನು, ಅವಳು ಆಫೀಸಿನಲ್ಲಿ ಸೆಕ್ರೆಟರಿ. ತಮ್ಮ ಗಂಡನೂ ಹೆಂಡತಿಯೂ ಪರಸ್ಪರ ಸಂಬಂಧ ಇಟ್ಟುಕೊಂಡಿದ್ದಾರೆಂದು ಈ ನೆರೆಯವರಿಗೆ ತಿಳಿಯುವುದು ಒಂದು ಟೈ ಮತ್ತು ಒಂದು ಕೈಚೀಲದಿಂದ. ಅವಳು ಫ್ಲಾಸ್ಕ್ ಹಿಡಿದು ನೂಡಲ್ಸ್ ತರಲು ಮೆಟ್ಟಿಲಿಳಿಯುವುದು, ಅವನು ಹತ್ತುವುದು, ಇಷ್ಟರಲ್ಲೇ ಅರ್ಧ ಚಿತ್ರ ಮುಗಿಯುತ್ತದೆ. ಕನ್ನಡದಲ್ಲಿ ಸುನಿಲ್ ಕುಮಾರ್ ದೇಸಾಯಿಯವರ 'ಬೆಳದಿಂಗಳ ಬಾಲೆ' (1995) ಇದೆ. ನಾಯಕ ಅನಂತನಾಗ್ ಚೆಸ್ ಆಟಗಾರ, ನಾಯಕಿ ಟೆಲಿಫೋನಿನ ದನಿ. ಅವಳ ಮುಖ ಪ್ರೇಕ್ಷಕರಿಗೆ ಕೊನೆತನಕ ಕಾಣುವುದಿಲ್ಲ. ನಾಯಕಿಯ ಮುಖಕ್ಕೆ ಹತ್ತು ಕ್ಲೋಸಪ್ ಇಡದಿದ್ದರೆ ಟಿಕೆಟ್ ಹೋಗುವುದಿಲ್ಲ ಎಂದು ನಂಬಿದವರ ನಡುವೆ ಇಂಥದ್ದೊಂದು ಚಿತ್ರ ಬಂತು, ಜನ ಇಂದಿಗೂ ನೆನೆಯುತ್ತಾರೆ.

ಮೊದಲ ಆಕ್ಷೇಪಣೆ ಈಗಾಗಲೇ ಕೇಳಿಸುತ್ತಿದೆ: ಹಾಗಾದರೆ 'ಮುಂಗಾರು ಮಳೆ' (2006)? ಆ ಪ್ರೀತಮ್‌ಗೆ ಯಾವ ಆಫೀಸಿತ್ತು? ಮೊಲ ಎತ್ತಿಕೊಂಡು ಮಳೆಯಲ್ಲಿ ತಿರುಗುವುದನ್ನು ಉದ್ಯೋಗವೆಂದು ಯಾವ ಇಲಾಖೆ ಒಪ್ಪುತ್ತದೆ? ಒಪ್ಪಿದೆ, ಇದು ನನ್ನ ಸಿದ್ಧಾಂತಕ್ಕೆ ಬಿದ್ದ ಪೆಟ್ಟು. ಆದರೂ ವಾದಿಸುತ್ತೇನೆ. ಮದುವೆ ಗೊತ್ತಾದ ಹುಡುಗಿಯ ಮನೆಯಲ್ಲೇ ಅತಿಥಿಯಾಗಿ ಕೂತ ಮೇಲೆ ಅವನಿಗೂ ಒಂದು ಕೆಲಸ ಬೀಳುತ್ತದೆ. ಅದು ಸುಮ್ಮನಿರುವ ಕೆಲಸ. ಅಷ್ಟು ಮಾತಾಡುವವನಿಗೆ ಅದಕ್ಕಿಂತ ಕಷ್ಟದ ನೌಕರಿ ಉಂಟೆ? ಬಾಯಿ ಮುಚ್ಚಿಕೊಂಡು ಅವನು ಅದನ್ನು ಮುಗಿಸುತ್ತಾನೆ, ಹುಡುಗಿ ಸಿಗುವುದಿಲ್ಲ, ಸಂಬಳ ಕೂಡ ಇಲ್ಲ.

ಎರಡನೆಯ ಆಕ್ಷೇಪಣೆ ಗಟ್ಟಿಯಾದದ್ದು. ದಿನವಿಡೀ ಫೈಲು, ಡಬ್ಬಿ, ಟ್ರಾಫಿಕ್ಕು ಎಂದು ಬೆಂದವರು ಸಿನಿಮಾದಲ್ಲೂ ಅದನ್ನೇ ನೋಡಬೇಕೆ, ಎರಡು ಗಂಟೆ ಮರೆಯಲು ಬಿಡಿ ಎನ್ನುತ್ತಾರೆ. ಮರೆಯಲಿ, ಬೇಡವೆಂದವರಾರು. ಆದರೆ ಆ ಎರಡು ಗಂಟೆಯಲ್ಲಿ ಏನನ್ನು ಪ್ರೇಮವೆಂದು ಕಲಿಸಲಾಗುತ್ತಿದೆ ಎಂಬಲ್ಲಿ ನನ್ನ ನಗು ನಿಲ್ಲುತ್ತದೆ. ಕೆಲಸವಿಲ್ಲದ ನಾಯಕ ಮಾಡುವುದೇನು? ಹಿಂಬಾಲಿಸುತ್ತಾನೆ. ಬಸ್‌ಸ್ಟಾಪಿನಲ್ಲಿ, ಕಾಲೇಜಿನ ಗೇಟಿನಲ್ಲಿ, ಅವಳ ಮನೆಯ ತಿರುವಿನಲ್ಲಿ. ಅವಳು ಬೇಡ ಎಂದಷ್ಟೂ ಅವನ ಹಾಡಿನ ಶ್ರುತಿ ಏರುತ್ತದೆ, ಕೊನೆಗೆ ಅವಳು ಸೋತು ನಗುತ್ತಾಳೆ. ಚಿತ್ರಮಂದಿರದ ಹೊರಗೆ ಅದೇ ಕೆಲಸಕ್ಕೆ 2013ರ ತಿದ್ದುಪಡಿಯಲ್ಲಿ ದಂಡಸಂಹಿತೆಗೆ 354ಡಿ ಎಂಬ ಕಲಮು ಸೇರಿಸಬೇಕಾಯಿತು. ಯಾರೋ ಸೋತು ನಗುವವರೆಗೂ ದಿನಾ ತಲೆ ತಗ್ಗಿಸಿ, ದಾರಿ ಬದಲಿಸಿ ನಡೆದ ಹುಡುಗಿಯರ ಕಡೆಯಿಂದ ಆ ಹಾಡುಗಳನ್ನು ಒಮ್ಮೆ ಕೇಳಬೇಕು. 'ಬೆಳದಿಂಗಳ ಬಾಲೆ'ಯಲ್ಲೂ ನಾಯಕ ಹುಡುಕುತ್ತಾನಲ್ಲ ಎಂದರೆ, ಹೌದು. ಆದರೆ ಕರೆ ಮಾಡಿದವಳು ಅವಳು, ಹುಡುಕೆಂದು ಸವಾಲು ಹಾಕಿದವಳೂ ಅವಳೇ. ಇನ್ನು 'ಬ್ರೀಫ್ ಎನ್‌ಕೌಂಟರ್'ನಲ್ಲಿ ಅಲೆಕ್ ಕೊನೆಯ ಬಾರಿ ಹೊರಡುವಾಗ ಯಾರೋ ಬಾಯಿಬಡುಕಿ ಪರಿಚಯದವಳು ಟೇಬಲ್ಲಿಗೆ ಬಂದು ಕೂತುಬಿಡುತ್ತಾಳೆ, ವಿದಾಯದ ಮಾತಿಗೂ ಎಡೆಯಿಲ್ಲ. ಅವನು ಲಾರಾಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟುಹೋಗುತ್ತಾನೆ. ಹಿಂಬಾಲಿಸುವುದಿಲ್ಲ.

ಮೂರನೆಯ ಆಕ್ಷೇಪಣೆ ಮನೆಯೊಳಗಿಂದಲೇ ಬರುತ್ತದೆ, ಅದೂ ಚುಟುಕಾಗಿ: ಇಷ್ಟೆಲ್ಲ ವಾದ ಮಾಡುವವರು ಆ ಚಿತ್ರ ನೋಡುವಾಗ ಅಳುವುದೇಕೆ? ಇದು ಸುಳ್ಳು ಆರೋಪ. ಚಿತ್ರದ ಕೊನೆಯಲ್ಲಿ ಫ್ರೆಡ್ ಪದಬಂಧ ಬದಿಗಿಟ್ಟು ಬಂದು ಹೆಂಡತಿಯ ಪಕ್ಕ ಮಂಡಿಯೂರುತ್ತಾನೆ. ನೀನು ಬಹಳ ದೂರ ಹೋಗಿದ್ದೆ, ಮರಳಿ ಬಂದದ್ದಕ್ಕೆ ಥ್ಯಾಂಕ್ಸ್ ಎನ್ನುತ್ತಾನೆ. ಆ ಕೋಣೆಯಲ್ಲಿ ರೈಲಿಲ್ಲ, ಹಳಿಯಿಲ್ಲ, ಹತ್ತಿರದಲ್ಲೆಲ್ಲೂ ಕಲ್ಲಿದ್ದಲ ಎಂಜಿನ್ನಿಲ್ಲ. ಆದರೂ ಅದೇ ಹೊತ್ತಿಗೆ ಕಣ್ಣಿಗೆ ಕಸ ಬೀಳುತ್ತದೆ, ಅದೂ ಎರಡೂ ಕಣ್ಣಿಗೆ. ಸುತ್ತಮುತ್ತ ಯಾರಾದರೂ ಡಾಕ್ಟರಿದ್ದರೆ ದಯವಿಟ್ಟು ಕರವಸ್ತ್ರ ತನ್ನಿ.