ಕರಿ ಪೈಪಿನ ವಂಶಾವಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟದ ಮನೆಗಳಿಗೆ ಬೆಟ್ಟದ ಒರತೆಯಿಂದ ಇಳಿಜಾರಿನ ಬಲವೊಂದರಿಂದಲೇ ಹರಿದುಬರುವ ನೀರನ್ನು ಅಬ್ಬಿ ನೀರು ಎನ್ನುತ್ತಾರೆ. ಇದನ್ನು ಹಿಂದೆ ಮನೆಗೆ ಮುಟ್ಟಿಸುತ್ತಿದ್ದುದು ದಬ್ಬೆ, ಎಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದು ಮಾಡಿದ ತೆರೆದ ದೋಣಿ. ದಬ್ಬೆ ಕೆಲವೇ ಮಳೆಗಾಲಗಳಲ್ಲಿ ಕುಂಬಾಗುತ್ತಿದ್ದುದರಿಂದ ಬದಲಿಸಬೇಕೋ ಬೇಡವೋ ಎಂಬ ಜಿಜ್ಞಾಸೆಗೆ ಎಡೆಯಿರಲಿಲ್ಲ. ಆ ಜಿಜ್ಞಾಸೆ ಮನೆ ಹೊಕ್ಕದ್ದು ಕರಿ ಪೈಪಿನೊಂದಿಗೆ.

ಕರಿ ಪೈಪು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನದು. ಅದಕ್ಕೆ ಬೆರೆಸಿದ ಇಂಗಾಲದ ಪುಡಿ ಬಿಸಿಲಿನ ಪೆಟ್ಟನ್ನು ತಾನು ತಿಂದು ಪೈಪನ್ನು ಕಾಯುವುದರಿಂದ, ಬಿಸಿಲಿಗೆ ಪೆಡಸಾಗಿ ಹಪ್ಪಳದಂತೆ ಮುರಿಯುವ ಪಿವಿಸಿಗಿಂತ ಇದು ಬೆಟ್ಟಕ್ಕೆ ಒಗ್ಗಿತು. ಇಂಥ ಪ್ಲಾಸ್ಟಿಕ್ಕನ್ನು ಕಡಿಮೆ ಒತ್ತಡದಲ್ಲಿ ತಯಾರಿಸುವ ಬಗೆಯನ್ನು 1953ರಲ್ಲಿ ಕಂಡುಕೊಂಡ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತಾದರೂ, ಮುಳ್ಳುಹಂದಿಯ ಹಲ್ಲಿನ ವಿಚಾರವನ್ನು ಪ್ರಶಸ್ತಿ ಸಮಿತಿ ಗಮನಿಸಿದಂತೆ ಕಾಣುವುದಿಲ್ಲ.

ಮುಳ್ಳುಹಂದಿ ಕಡಿದಲ್ಲಿ, ಬೇಸಿಗೆಯ ಬೆಂಕಿಗೆ ಕರಗಿದಲ್ಲಿ, ಕೆಟ್ಟಷ್ಟನ್ನೇ ಕತ್ತರಿಸಿ, ತುದಿಯನ್ನು ಉರಿಗೆ ಹಿಡಿದು ಮೆತ್ತಗಾಗಿಸಿ, ಒಂದರೊಳಗೊಂದು ತುರುಕಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದಕ್ಕೇ ಇಲ್ಲಿ ಪೈಪು ಬದಲಿಸುವುದು ಎಂದು ಹೆಸರು. ಹೀಗಾಗಿ ಒಂದೇ ಸಾಲಿನಲ್ಲಿ ಹಲವು ತಲೆಮಾರುಗಳು ಕೂಡುಕುಟುಂಬದಂತೆ ಬಾಳುತ್ತವೆ: ದಪ್ಪ ತುಂಡು ಅಡಿಕೆಗೆ ದರ ಬಂದ ವರ್ಷದ್ದು, ತೆಳುವಾದದ್ದು ಕೊಳೆರೋಗದ ವರ್ಷದ್ದು.

ಈ ಕುಟುಂಬದ ಒಗ್ಗಟ್ಟು ನಿಂತಿರುವುದು ನೀರು ಹಗಲಿರುಳು ಹರಿಯುತ್ತಿರುವುದರ ಮೇಲೆ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಹಾಕುವುದರಿಂದ, ಅಬ್ಬಿಯು ಮನೆಗಿಂತ 40 ಮೀಟರ್ ಮೇಲಿದ್ದರೆ ಕೆಳಗಿನ ಬಾಯಿ ಮುಚ್ಚಿದೊಡನೆ ಅಲ್ಲಿ 4 ಕಿಲೋ ಒತ್ತಡ ಕೂಡುತ್ತದೆ. ಬಾಯಿ ತೆರೆದಿದ್ದಾಗ ಇದರ ಬಹುಪಾಲು ನೀರನ್ನು ದೂಡುವುದರಲ್ಲೇ ಖರ್ಚಾಗಿರುತ್ತದೆ. ಬೆಂಗಳೂರಿನಿಂದ ಬಂದ ನೆಂಟರು, ಸುಮ್ಮನೆ ಹರಿದುಹೋಗುವ ನೀರನ್ನು ಕಂಡು ಮನನೊಂದು, ಜಲಸಂರಕ್ಷಣೆಯ ಸದ್ಭಾವದಿಂದ ನಲ್ಲಿ ತಿರುಗಿಸಿದರೆ, ಸ್ವಲ್ಪ ಹೊತ್ತಿನಲ್ಲೇ ತೋಟದಂಚಿನ ಜಾಯಿಂಟೊಂದು ಕಳಚಿ ಕಾರಂಜಿಯಾಗುತ್ತದೆ. ಮತ್ತೆ ಜೋಡಿಸಿದರೂ ಪೈಪು ಗಾಳಿ ಹಿಡಿಯುತ್ತದೆ, ಎಂದರೆ ಏರಿನಲ್ಲಿ ಸಿಕ್ಕಿಕೊಂಡ ಗಾಳಿ ನೀರಿಗೆ ದಾರಿ ಬಿಡುವುದಿಲ್ಲ. ಆಗ ಯಜಮಾನರೇ ಪೈಪಿಗೆ ಬಾಯಿಟ್ಟು ಹೀರಬೇಕಾಗುತ್ತದೆ. ಇಡೀ ಸಾಲನ್ನೇ ಬದಲಿಸುವ ನಿರ್ಧಾರಗಳು ಬಹುತೇಕ ಇಂಥ ನೆಂಟರ ಕೃಪೆ.

ಹಾಗೆ ಬದಲಿಸಿದ ಮೇಲೂ ಹಳೆಯ ಪೈಪನ್ನು ಎಸೆಯುವ ಸಂಪ್ರದಾಯವಿಲ್ಲ. ಅದು ಸುರುಳಿಯಾಗಿ ಕೊಟ್ಟಿಗೆಯ ಅಟ್ಟ ಸೇರಿ, ಬಕೆಟ್ಟಿನ ಹಿಡಿಕೆಗೂ ಗರಗಸದ ಹಲ್ಲಿಗೂ ಕವಚವಾಗುತ್ತ ಗೇಣುಗೇಣಾಗಿ ಸವೆಯುತ್ತದೆ. ಮುಂದಿನ ಬೇಸಿಗೆಯಲ್ಲಿ ಮುಳ್ಳುಹಂದಿ ಹೊಸ ಪೈಪಿಗೆ ಬಾಯಿ ಹಾಕಿದಾಗ, ಅಲ್ಲಿಗೆ ಹಾಕುವ ತುಂಡೂ ಈ ಸುರುಳಿಯದೇ.