ಗೃಹಜ್ಯೋತಿ ಮೀಮಾಂಸೆ: ಯಮನೂರಿನ ಕೂಡುವಾಡೆಯ ಗ್ಯಾಸು-ಕರೆಂಟಿನ ಆಯವ್ಯಯ ಕುರಿತು ಐದು ಸೂತ್ರಗಳು, ವ್ಯಾಖ್ಯಾನ ಸಮೇತ

ಪೀಠಿಕೆ

ಕೂಡು ಕುಟುಂಬದ ಆಸ್ತಿಯನ್ನು ಹೇಗೆ ಹಂಚಿಕೊಳ್ಳಬೇಕೆಂದು ದೇಶಕ್ಕೆ ಕಲಿಸಿದವನು ನಮ್ಮವನೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆಯವರನ್ನು ಬಿಟ್ಟರೆ ಹೆಚ್ಚುಕಡಿಮೆ ಇಡೀ ಭಾರತದ ಹಿಂದೂ ಅಣ್ಣತಮ್ಮಂದಿರು ಅದನ್ನೇ ಮುಂದಿಟ್ಟುಕೊಂಡು ಕೋರ್ಟಿನಲ್ಲಿ ಬಡಿದಾಡಿದರು. ಹೊಲ, ಮನೆ, ಸಾಲ ಯಾವುದನ್ನೂ ಆ ಮಹಾನುಭಾವ ಬಿಡಲಿಲ್ಲ. ಬಿಟ್ಟದ್ದು ಎರಡೇ ಎರಡು: ಕರೆಂಟ್ ಬಿಲ್ಲು ಮತ್ತು ಗ್ಯಾಸ್ ಸಿಲಿಂಡರು. ಒಂಬೈನೂರು ವರ್ಷಗಳ ಈ ಕೊರತೆಯನ್ನು ನೀಗಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ಕ್ಷೇತ್ರಕಾರ್ಯಕ್ಕೆ ನವಲಗುಂದ ತಾಲೂಕಿನ ಯಮನೂರನ್ನು ಆಯ್ದುಕೊಂಡದ್ದಕ್ಕೆ ಎರಡು ಶಾಸ್ತ್ರೀಯ ಕಾರಣಗಳಿವೆ. ಒಂದು, ಸರ್ಕಾರದ ಚೀಟಿಯನ್ನು ಈ ಸೀಮೆ ಹಗುರಾಗಿ ಓದುವುದಿಲ್ಲ. ಮಲಪ್ರಭಾ ಕಾಲುವೆಯ ಬೆಟರ್‌ಮೆಂಟ್ ಲೆವಿಯ ವಿರುದ್ಧ 1980ರ ರೈತ ಬಂಡಾಯ ಎದ್ದದ್ದು ಇದೇ ನವಲಗುಂದ, ನರಗುಂದಗಳಲ್ಲಿ. ಎರಡು, ಬೆಳಕಿನ ವಿಷಯದಲ್ಲಿ ಈ ಊರಿಗೆ ಸ್ವಂತ ಪರಂಪರೆಯೇ ಇದೆ. ಚಾಂಗದೇವರೆಂದು ಹಿಂದೂಗಳೂ ರಾಜಾಬಾಗಸವಾರರೆಂದು ಮುಸ್ಲಿಮರೂ ನಡೆದುಕೊಳ್ಳುವ ಇಲ್ಲಿಯ ದರ್ಗಾದಲ್ಲಿ ಬೆಣ್ಣಿಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆಂಬುದು ಭಕ್ತರ ನಂಬಿಕೆ.

ಇಲ್ಲಿ ಪೂರ್ವಪಕ್ಷ: ನೀರಿನಿಂದ ದೀಪ ಉರಿಯುವ ಊರಿಗೆ ಬಿಲ್ಲಿನ ಚಿಂತೆ ಯಾಕೆ? ಸಿದ್ಧಾಂತ: ಆ ದೀಪಕ್ಕೆ ಮೀಟರಿನ ಆರ್.ಆರ್. ನಂಬರ್ ಇಲ್ಲ. ಹೋಳಿ ಹುಣ್ಣಿಮೆ ಕಳೆದು ಜಾತ್ರೆಗೆಂದು ಬಂದ ಬೀಗರು ಅಡ್ಡಾಗುವ ಪಡಸಾಲಿಯ ಫ್ಯಾನಿಗೆ ಇದೆ.

ಅಧ್ಯಯನಕ್ಕಾಗಿ ನಾವು ಒಂದು ‘ಪ್ರಮಾಣ ವಾಡೆ’ಯನ್ನು ಕಲ್ಪಿಸಿಕೊಂಡಿದ್ದೇವೆ. ಮೂವರು ಅಣ್ಣತಮ್ಮಂದಿರು, ಮೂವರು ಸೊಸೆಯಂದಿರು, ಏಳು ಮಕ್ಕಳು, ಒಬ್ಬ ಅಜ್ಜಿ. ಒಟ್ಟು 14 ತಲೆ. ಮೇಲ್ಮುದ್ದಿಯ ಹಳೇ ಮನೆಗೆ ಹಿಂದೊಂದು ಆರ್‌ಸಿಸಿ ಕಟ್ಟಡ ಸೇರಿಕೊಂಡಿದೆ. ಆರು ಫ್ಯಾನು, ಒಂದು ಫ್ರಿಜ್ಜು, ಒಂದು ಟಿ.ವಿ., ನೀರೆತ್ತುವ ಒಂದು ಮೋಟರು. ಭೌತವಿಜ್ಞಾನಿಗಳು ಘರ್ಷಣೆಯಿಲ್ಲದ ಮೇಲ್ಮೈಯನ್ನು ಕಲ್ಪಿಸಿಕೊಳ್ಳುತ್ತಾರಲ್ಲ, ಅದೇ ಧೈರ್ಯದಿಂದ ನಾವು ಜಗಳವಿಲ್ಲದ ವಾಡೆಯನ್ನು ಕಲ್ಪಿಸಿಕೊಂಡು ಶುರು ಮಾಡಿದೆವು. ಈ ಕಲ್ಪನೆ ಎರಡನೆಯ ಸೂತ್ರದವರೆಗೆ ಬಾಳಿತು.

ಸೂತ್ರ 1: ಮೀಟರು ಮನೆಯನ್ನು ಎಣಿಸುತ್ತದೆ, ಸಿಲಿಂಡರು ಒಲೆಯನ್ನು ಎಣಿಸುತ್ತದೆ, ತಲೆಯನ್ನು ಯಾರೂ ಎಣಿಸುವುದಿಲ್ಲ

ವ್ಯಾಖ್ಯಾನ. ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಗಡಿ ತಿಂಗಳಿಗೆ 200 ಯೂನಿಟ್. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ತಲೆಗೆ 100 ಯೂನಿಟ್ ಬಿತ್ತು. ಪ್ರಮಾಣ ವಾಡೆಯಲ್ಲಿ ತಲೆಗೆ 14. ಎಪ್ಪತ್ತೈದು ವ್ಯಾಟಿನ ಒಂದು ಫ್ಯಾನು ದಿನಕ್ಕೆ ಆರು ತಾಸು ತಿರುಗಿದರೆ ಆ 14 ಮುಗಿಯುತ್ತದೆ. ದೀಪ, ಮಿಕ್ಸರು, ಟಿ.ವಿ., ಮೋಟರು ಎಲ್ಲ ಇನ್ನು ಮುಂದಿನ ಜನ್ಮಕ್ಕೆ.

ಗ್ಯಾಸಿನ ಶಾಸ್ತ್ರ ಇನ್ನೂ ಸೂಕ್ಷ್ಮವಾದದ್ದು. ಅದರ ನಿಯಮದ ಪ್ರಕಾರ ಕುಟುಂಬವೆಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅವಲಂಬಿತ ತಂದೆತಾಯಿ. ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು ಈ ವ್ಯಾಖ್ಯೆಯೊಳಗೆ ಎಲ್ಲಿ ಕೂತು ಉಣ್ಣಬೇಕೆಂಬುದನ್ನು ನಿಯಮಕಾರರು ಹೇಳಿಲ್ಲ. 2012ರ ಸೆಪ್ಟೆಂಬರಿನಲ್ಲಿ ಸಬ್ಸಿಡಿ ಸಿಲಿಂಡರು ವರ್ಷಕ್ಕೆ 6 ಎಂದಾಯಿತು. ಮರುವರ್ಷದ ಜನವರಿಯಲ್ಲಿ 9 ಆಯಿತು. 2014ರಲ್ಲಿ 12ಕ್ಕೆ ನಿಂತಿತು. ಹನ್ನೆರಡು ಸಿಲಿಂಡರಿಗೆ 14.2 ಕಿಲೋದಂತೆ 170 ಕಿಲೋ. ಇಬ್ಬರ ಮನೆಯಲ್ಲಿ ತಲೆಗೆ 85 ಕಿಲೋ, ವಾಡೆಯಲ್ಲಿ 12. ಇದರಿಂದ ಹೊರಡುವ ತಾತ್ಪರ್ಯ: ಏಳು ಪಟ್ಟು ಸುಖವಾಗಿರಬೇಕಾದರೆ ಏಳು ಪಟ್ಟು ಕಡಿಮೆ ಜನರ ಜೊತೆ ಬಾಳಬೇಕು.

ಸೂತ್ರ 2: ಹಿಂದೆ ಉಳಿಸಿದವರು ಮುಂದೆ ತೆರುತ್ತಾರೆ

ವ್ಯಾಖ್ಯಾನ. ಪುಕ್ಕಟೆ ಯೂನಿಟ್ಟಿನ ಪಾಲು ಎಲ್ಲರಿಗೂ 200 ಅಲ್ಲ ಎಂಬುದು ಗುರುಮುಖೇನ ತಿಳಿಯತಕ್ಕ ವಿಷಯ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದಕ್ಕೆ ಶೇಕಡಾ 10 ಕೂಡಿಸಿದರೆ ಬರುವುದೇ ಅದರ ಪಾಲು. ಸರಾಸರಿ 181 ಇದ್ದವನಿಗೆ 199 ಸಿಗುತ್ತದೆ. ಇದು ಶಾಸ್ತ್ರದ ಮೋಕ್ಷಬಿಂದು. ಸರಾಸರಿ 60 ಇದ್ದವನಿಗೆ 66. ತೀರಾ ಬಡವರಿಗೆ ಇದರಿಂದ ಮೂರು ನಾಲ್ಕು ಯೂನಿಟ್ಟಷ್ಟೇ ಹೆಚ್ಚಿಗೆ ಸಿಗುತ್ತದೆಂದು ಸರ್ಕಾರಕ್ಕೂ ಅನಿಸಿ, 2024ರಲ್ಲಿ 48 ಯೂನಿಟ್ಟಿಗಿಂತ ಕಡಿಮೆ ಸುಡುವವರಿಗೆ ಶೇಕಡಾ ಲೆಕ್ಕ ಬಿಟ್ಟು ಸರಳವಾಗಿ 10 ಯೂನಿಟ್ ಕೊಡುವ ತೀರ್ಮಾನವಾಯಿತು.

ಪ್ರಮಾಣ ವಾಡೆಯ ಸರಾಸರಿ 170. ಅದರ ಪಾಲು 187. ಈ ಸರಾಸರಿಗೆ ಕಾರಣ ಅಜ್ಜಿ. ಇಡೀ 2022-23 ಆಕೆ ಸಂಜೆಯಿಂದ ರಾತ್ರಿಯವರೆಗೆ ಕೋಣೆಯಿಂದ ಕೋಣೆಗೆ ಓಡಾಡಿ ಲೈಟು ಆರಿಸಿದಳು. ‘ಬಚ್ಚಲದಾಗ ಯಾರದೀರಿ? ಯಾರೂ ಇಲ್ಲಂದ್ರ ಲೈಟ್ ಯಾರಿಗೆ ಹಚ್ಚೀರಿ?’ ಎಂಬುದು ಆಕೆಯ ನಿತ್ಯದ ತಾತ್ವಿಕ ಪ್ರಶ್ನೆಯಾಗಿತ್ತು. ಆ ವರ್ಷ ಆಕೆ ಸ್ವಲ್ಪ ಕಣ್ಣುಮುಚ್ಚಿ ಕೂತಿದ್ದರೆ ಇವತ್ತು ವಾಡೆ ಮೋಕ್ಷಬಿಂದುವಿನಲ್ಲಿರುತ್ತಿತ್ತು. ಹಿರೇಮಗ ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಅಜ್ಜಿ ಅಂದದ್ದು: ‘ಉಳಿಸಿದ್ದು ತಪ್ಪಾತಂತ ಸರ್ಕಾರ ಹೇಳಿತೇನೋ, ನೀನ ಹೇಳಾಕತ್ತಿಯೋ?’ ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಇನ್ನು ಲೋಕವಿಭಾಗ. 187ರವರೆಗೆ ಸ್ವರ್ಗ, ಬಿಲ್ಲು ಸೊನ್ನೆ. 188ರಿಂದ 200 ಭೂಲೋಕ, ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 201 ಪಾತಾಳ, ಮೊದಲನೆಯ ಯೂನಿಟ್ಟಿನಿಂದ ಪೂರಾ ಬಿಲ್ಲು. ಆದ್ದರಿಂದ ವಾಡೆಯ ನ್ಯಾಯಶಾಸ್ತ್ರದ ಮೂಲ ಪ್ರಶ್ನೆ ಹೀಗಿದೆ: ಇನ್ನೂರಾ ಒಂದನೆಯ ಯೂನಿಟ್ ಸುಟ್ಟವರು ಯಾರು? ನಡುವಿನ ಸೊಸೆ ಒಂದು ತಾಸು ಇಸ್ತ್ರಿ ಹಚ್ಚಿದ್ದಳು; ಸಾವಿರ ವ್ಯಾಟಿನ ಇಸ್ತ್ರಿ, ಸರಿಯಾಗಿ ಒಂದು ಯೂನಿಟ್. ಕಿರೇಮಗ ಹದಿಮೂರು ತಾಸು ಫ್ಯಾನಿನ ಕೆಳಗೆ ಮಲಗಿದ್ದ. ಅದೂ ಒಂದು ಯೂನಿಟ್. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಸುಡಲು 111 ತಾಸು ಬೇಕು, ಆದ್ದರಿಂದ ಬಚ್ಚಲದ ದೀಪ ನಿರಪರಾಧಿ. ಆದರೆ ಜಗಳದಲ್ಲಿ ಮೊದಲು ಸಿಕ್ಕಿಬೀಳುವುದು ಅದೇ. ಜಗಳವಿಲ್ಲದ ವಾಡೆಯ ಕಲ್ಪನೆಯನ್ನು ನಾವು ಕೈಬಿಟ್ಟದ್ದು ಇಲ್ಲಿ.

ಸೂತ್ರ 3: ಹುಟ್ಟಿದ ಕೂಸಿಗೆ ಹೊಲದಲ್ಲಿ ಪಾಲುಂಟು, ಯೂನಿಟ್ಟಿನಲ್ಲಿ ಇಲ್ಲ

ವ್ಯಾಖ್ಯಾನ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಮಿತಾಕ್ಷರದ ಜೀವಾಳ. ಹೆಣ್ಣುಮಕ್ಕಳನ್ನು ಈ ಸಾಲಿಗೆ ಸೇರಿಸಲು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾಯ್ದೆ ತಿದ್ದಬೇಕಾಯಿತು. ಆದರೆ ಪ್ರಮಾಣ ವಾಡೆಯಲ್ಲಿ ಕಿರೇಮಗನಿಗೆ 2024ರಲ್ಲಿ ಹುಟ್ಟಿದ ಕೂಸಿಗೆ ಎರಿಹೊಲದ ಹೆಸರು, ಕಡಲೆ, ಹತ್ತಿಯಲ್ಲಿ ಜನ್ಮಸಿದ್ಧ ಪಾಲು ಬಂದರೂ ಮೀಟರಿನಲ್ಲಿ ಅರ್ಧ ಯೂನಿಟ್ಟಿನ ಹಕ್ಕೂ ಬರಲಿಲ್ಲ. ಸರಾಸರಿ ತೆಗೆದ ವರ್ಷ ಅದು ಹುಟ್ಟಿರಲಿಲ್ಲ. ಆ ವರ್ಷ ಕಳೆದ ಮೇಲೆ ಮದುವೆಯಾಗಿ ಬಂದ ಕಿರೇಸೊಸೆಯ ತವರಿನವರು ಕೊಟ್ಟ ಎರಡನೆಯ ಫ್ರಿಜ್ಜಿನದೂ ಇದೇ ಗತಿ. ದಿನಕ್ಕೆ ಒಂದು ಯೂನಿಟ್ ಕುಡಿಯುವ ಅದನ್ನು ಪಡಸಾಲಿಯಲ್ಲಿ ಅರಿವೆ ಹೊದಿಸಿ ನಿಲ್ಲಿಸಿದ್ದಾರೆ. ಬೀಗರು ಬಂದಾಗ ಹಚ್ಚುತ್ತಾರೆ.

ಇನ್ನೊಂದು ಕಡೆ, 2023ರ ಬೇಸಿಗೆಯಲ್ಲಿ ತೀರಿಕೊಂಡ ಅಜ್ಜನ ಯೂನಿಟ್ಟುಗಳು ಹಾಗೇ ಇವೆ. ಆತನ ಫ್ಯಾನಿನ ತಿಂಗಳ ಖರ್ಚು ಸರಾಸರಿಯೊಳಗೆ ಸೇರಿಹೋಗಿತ್ತು. ಈಗ ಮೂವರೂ ಮಕ್ಕಳು ಅದನ್ನು ಅನುಭವಿಸುತ್ತಿದ್ದಾರೆ. ಹುಟ್ಟಿದವರಿಗೆ ಇಲ್ಲ, ಸತ್ತವರದು ಇದ್ದವರಿಗೆ! ಮಿತಾಕ್ಷರದ ಎದುರಾಳಿಯಾದ ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ತಂದೆ ಕಣ್ಣುಮುಚ್ಚಿದ ಮೇಲಷ್ಟೇ ಮಕ್ಕಳಿಗೆ ಪಾಲು. ಗೃಹಜ್ಯೋತಿಯನ್ನು 2023ರ ಆಗಸ್ಟ್ 5ರಂದು ಉದ್ಘಾಟಿಸಿದ್ದು ಕಲಬುರಗಿಯಲ್ಲಿ. ವಿಜ್ಞಾನೇಶ್ವರನ ಊರೆಂದು ಹೇಳುವ ಮರತೂರು ಇರುವುದು ಅದೇ ಜಿಲ್ಲೆಯಲ್ಲಿ. ಮಿತಾಕ್ಷರದ ಅಂಗಳದಲ್ಲೇ ದಾಯಭಾಗಕ್ಕೆ ದೀಪ ಹಚ್ಚಿದ ಈ ಘಟನೆಯನ್ನು ಯಾವ ಪಂಡಿತನೂ ಇದುವರೆಗೆ ಗಮನಿಸಿದಂತಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ಮೊದಲ ಸಲ ಕರೆಂಟಿನ ದೀಪ ಹತ್ತಿದ್ದೂ 1905ರ ಆಗಸ್ಟ್ 5ರಂದೇ ಎಂಬುದನ್ನು ಪಂಚಾಂಗದವರ ವಿಚಾರಕ್ಕೆ ಬಿಟ್ಟಿದ್ದೇವೆ.

ಪಂಚಮಿ ಹಬ್ಬಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳ ಪ್ರಕರಣ ಇದಕ್ಕಿಂತ ಜಟಿಲ. ಅವರ ಯೂನಿಟ್ ಗಂಡನ ಮನೆಯ ಮೀಟರಿನಲ್ಲಿ ಉಳಿದಿರುತ್ತದೆ; ಸುಡುವುದು ತವರಿನ ಮೀಟರು. ‘ಬರೂವಾಗ ನಿಮ್ಮ ಮನಿ ಯೂನಿಟ್ ಕಟಗೊಂಡು ಬಾರವಾ’ ಎಂದು ಹೇಳಲು ಯಾವ ಅಣ್ಣನಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಬಜೆಟ್ಟಿನಲ್ಲಿ ಶ್ರಾವಣವನ್ನು ಪಾತಾಳದ ತಿಂಗಳೆಂದು ಮೊದಲೇ ಬರೆದಿಡತಕ್ಕದ್ದು. ಉಳಿತಾಯದ ಬಾಬು: ಬೇಸಿಗೆಯಲ್ಲಿ ಗಂಡಸರೆಲ್ಲ ಮಾಳಿಗಿಯ ಮೇಲೆ ಮಲಗಿದರೆ, ಆರು ಫ್ಯಾನಿಗೆ ರಾತ್ರಿ ಹತ್ತು ತಾಸಿನ ಲೆಕ್ಕದಲ್ಲಿ ತಿಂಗಳಿಗೆ 135 ಯೂನಿಟ್ಟಿನಲ್ಲಿ ಅರ್ಧ ಉಳಿಯುತ್ತದೆ. ಉಳಿದರ್ಧ ಮಾಳಿಗಿ ಏರದ ಹೆಂಗಸರದು, ಕೂಸುಗಳದು.

ಸೂತ್ರ 4: ಚಾ ಕಾಣುವುದಿಲ್ಲ, ಖಾಲಿ ಸಿಲಿಂಡರು ಕಾಣುತ್ತದೆ

ವ್ಯಾಖ್ಯಾನ. ಸಿಲಿಂಡರು ಎಷ್ಟು ಉಳಿದಿದೆಯೆಂದು ತಿಳಿಯಲು ಮೂರು ಪ್ರಮಾಣಗಳಿವೆ. ಪ್ರತ್ಯಕ್ಷ: ಎತ್ತಿ ನೋಡುವುದು. ಅನುಮಾನ: ಹಸೀ ಅರಿವೆ ಸವರಿ ಬಿಟ್ಟು, ಎಲ್ಲಿಯವರೆಗೆ ತೇವ ತಡವಾಗಿ ಆರುತ್ತದೋ ಅಲ್ಲಿಯವರೆಗೆ ದ್ರವವಿದೆಯೆಂದು ಊಹಿಸುವುದು. ಶಬ್ದಪ್ರಮಾಣ: ಹಿರೇಸೊಸೆಯ ಮಾತು. ಮೂರನೆಯದು ಯಾವತ್ತೂ ಸುಳ್ಳಾಗಿಲ್ಲ.

ವಾಡೆಯ ರೊಟ್ಟಿ ಇಂದಿಗೂ ಕಟಗಿ ಒಲಿಯ ಮೇಲೆಯೇ ಆಗುತ್ತದೆ. ಹದಿನಾಲ್ಕು ಜನರ ಬಿಳಿಜೋಳದ ರೊಟ್ಟಿಯನ್ನು ಗ್ಯಾಸಿನ ಮೇಲೆ ಬಡಿದು ಬೇಯಿಸಿದರೆ ಸಿಲಿಂಡರು ತಿಂಗಳು ಕಾಣುವುದಿಲ್ಲ. ಬಚ್ಚಲದ ನೀರು ಹತ್ತಿಕಟಗಿಗೆ, ತೊಗರಿ ಕಟಗಿಗೆ, ಕುಳ್ಳಿಗೆ ಸೇರಿದ್ದು. ಹಾಗಾದರೆ ಗ್ಯಾಸು ಎಲ್ಲಿಗೆ ಹೋಗುತ್ತದೆ? ಚಾಕ್ಕೆ. ಪಡಸಾಲಿಗೆ ಬಂದವರಿಗೆಲ್ಲ ಚಾ, ಹೋಗುವಾಗ ‘ಇನ್ನೊಂದ್ ಅರ್ಧಾ ಕಪ್’. ಜಾತ್ರೆಯ ವಾರದಲ್ಲಿ ಚಾದ ಪಾತೆಲಿ ಒಲೆಯಿಂದ ಇಳಿಯುವುದೇ ಇಲ್ಲ.

ಗ್ಯಾಸು ಬಿಟ್ಟು ಕರೆಂಟಿನ ಇಂಡಕ್ಷನ್ ಒಲೆ ತಂದರಾಯಿತಲ್ಲ ಎಂದು ಧಾರವಾಡದ ಕಾಲೇಜಿನಲ್ಲಿ ಓದುವ ಮೊಮ್ಮಗ ಪೂರ್ವಪಕ್ಷ ಹೂಡಿದ. ಪರಿಹಾರ: ಒಂದು ಸಿಲಿಂಡರಿನೊಳಗಿನ ಶಾಖ ಸುಮಾರು 180 ಯೂನಿಟ್ ಕರೆಂಟಿಗೆ ಸಮ. ಇಂಡಕ್ಷನ್ನಿನಲ್ಲಿ ಶಾಖ ಪೋಲಾಗುವುದು ಕಡಿಮೆ, ಅರ್ಧದಲ್ಲೇ ಕೆಲಸ ಮುಗಿಯುತ್ತದೆಂದು ಇಟ್ಟುಕೊಂಡರೂ 90 ಯೂನಿಟ್. ಗ್ಯಾಸಿನಲ್ಲಿ ಉಳಿಸಿದ ವಾಡೆ ನೇರವಾಗಿ ಪಾತಾಳಕ್ಕೆ ಇಳಿಯುತ್ತದೆ. ಮೊಮ್ಮಗ ಸುಮ್ಮನಾದ.

ಹತ್ತಿಕಟಗಿಗೆ ಬಿಲ್ಲಿಲ್ಲವೆಂದು ಬಜೆಟ್ಟಿನಲ್ಲಿ ಸೊನ್ನೆ ಬರೆಯುವುದು ರೂಢಿ. ಹೊಲದಲ್ಲಿ ಅದನ್ನು ಕಿತ್ತು, ಸಿವುಡು ಕಟ್ಟಿ, ಹಿತ್ತಲಿಗೆ ಒಟ್ಟಿ, ಮಳೆಗಾಲದಲ್ಲಿ ಹಸಿಯಾದದ್ದನ್ನು ಊದಿ ಊದಿ ಹತ್ತಿಸುವವರು ಮೂವರು ಸೊಸೆಯಂದಿರು. ಹೊಗೆಗೆ ಮೀಟರು ಕೂಡಿಸಿದ್ದರೆ ಈ ವಾಡೆಯ ಅತಿ ದೊಡ್ಡ ಬಿಲ್ಲು ಅದೇ ಆಗಿರುತ್ತಿತ್ತು. ಅದನ್ನು ತೆರುತ್ತಿರುವವರು ಯಾರೆಂಬುದೂ ಕಾಣುತ್ತಿತ್ತು. ಲೆಕ್ಕ ಬರೆಯುವವರು ಗಂಡಸರಾದ್ದರಿಂದ ಶಾಸ್ತ್ರ ಈ ಬಾಬನ್ನು ಮೇಲಕ್ಕೆತ್ತಿಲ್ಲ.

ಸೂತ್ರ 5: ಬೇರೆಯಾದವರು ಕೂಡಿ ಬಾಳುತ್ತಾರೆ

ವ್ಯಾಖ್ಯಾನ. ಹಿಂದೆ ಜಗಳವಾಗಿ ವಾಟ್ನಿ, ಅಂದರೆ ಮನೆಯ ಪಾಲು, ಆಗುತ್ತಿತ್ತು. ಈಗ ಜಗಳವಾಗಬಾರದೆಂದು ವಾಟ್ನಿ ಆಗುತ್ತದೆ. ಹೊಸ ಮೀಟರಿಗೆ ಹಿಂದಿನ ಸರಾಸರಿ ಇರುವುದಿಲ್ಲವಾಗಿ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ 58 ಕೊಡುತ್ತಾರೆ. ಕೂಡಿದ್ದರೆ ವಾಡೆಗೆ 187. ಕಾಗದದ ಮೇಲೆ ಮೂರು ಮನೆಯಾದರೆ 187, 58, 58, ಒಟ್ಟು 303. ಹಾಗೇ ಮೂರು ಅಡುಗೆಮನೆ, ಮೂರು ಗ್ಯಾಸ್ ಪುಸ್ತಕ. ಪಂಚಾಯ್ತಿಯಲ್ಲಿ ಉತಾರ ಬೇರೆ ಮಾಡಿಸಲು ಓಡಾಡಿದ್ದು, ಹೊಸ ಮೀಟರಿನ ಠೇವಣಿ, ವಾಯರಿಂಗು ಎಲ್ಲ ಒಂದು ಸಲದ ಖರ್ಚು.

ಆದರೆ ಅಜ್ಜಿ ‘ನಾ ಇರೂತನಕಾ ಒಲಿ ಒಂದ’ ಅಂದುಬಿಟ್ಟಳು. ಹೀಗಾಗಿ ಈಗ ಪ್ರಮಾಣ ವಾಡೆಯಲ್ಲಿ ಗೋಡೆಗೆ ಮೂರು ಮೀಟರು, ನಡುಮನಿಯಲ್ಲಿ ಮೂರು ಗ್ಯಾಸ್ ಒಲೆ. ಅದರಲ್ಲಿ ಎರಡರ ಮೇಲೆ ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಭರಣಿ. ರೊಟ್ಟಿ ಒಂದೇ ಹಂಚಿನ ಮೇಲೆ. ಕಾಗದದಲ್ಲಿ ಮೂರು ಕುಟುಂಬ, ಪಂಕ್ತಿಯಲ್ಲಿ ಒಂದು. ಇದನ್ನು ಮೋಸ ಎಂದವರಿಗೆ ಶಾಸ್ತ್ರಕಾರನ ಉತ್ತರ: ಹದಿನಾಲ್ಕು ಜನರನ್ನು ಒಂದು ಮನೆಯೆಂದು ಎಣಿಸಿದ್ದು ಮೊದಲನೆಯ ಸುಳ್ಳು; ಈ ಎರಡನೆಯದು ಅದರ ತಿದ್ದುಪಡಿ. ತಲೆ ಎಣಿಸಿ ಯೂನಿಟ್ ಕೊಟ್ಟ ದಿನ ಎರಡು ಒಲೆ ತಾವಾಗಿಯೇ ಅಟ್ಟ ಸೇರುತ್ತವೆ.

ಫಲಶ್ರುತಿ

ಈ ಪಂಚಸೂತ್ರಗಳನ್ನು ಬಿಲ್ಲಿನ ಯಂತ್ರ ಹಿಡಿದು ಹೆಸ್ಕಾಂನವರು ಬರುವ ಮುಂಜಾನೆ ಓದಿದವರಿಗೆ ಭೂಲೋಕ ಪ್ರಾಪ್ತಿ. ಅಜ್ಜಿಯ ಕಿವಿಗೆ ಬೀಳದಂತೆ ಓದಿದವರಿಗೆ ಮನಶ್ಶಾಂತಿ. ಮೂವರು ಸೊಸೆಯಂದಿರೊಡನೆ ಕೂತು ಓದಿ, ಲೆಕ್ಕದ ಪುಸ್ತಕವನ್ನು ಅವರ ಕೈಗೇ ಕೊಟ್ಟವರಿಗೆ ಎಲ್ಲ ಖಾತೆಗಳೂ ಸರಿಹೊಂದುತ್ತವೆ, ಹೊಗೆಯದೂ ಸೇರಿ. ಮುಂದಿನ ಸಂಶೋಧಕರಿಗೆ ಒಂದೇ ಸಮಸ್ಯೆಯನ್ನು ಬಿಟ್ಟಿದ್ದೇವೆ: ಸರ್ಕಾರ ಮುಂದೊಂದು ದಿನ ಹೊಸದಾಗಿ ಸರಾಸರಿ ತೆಗೆದರೆ ಅದಕ್ಕೆ ಯಾವ ವರ್ಷವನ್ನು ಹಿಡಿಯುತ್ತದೆ? ಅದನ್ನು ಮುಂಚೆಯೇ ಕಂಡುಹಿಡಿದು ಯಮನೂರಿಗೆ ತಿಳಿಸುವ ವಿದ್ವಾಂಸರಿಗೆ ಜಾತ್ರೆಯಲ್ಲಿ ಸನ್ಮಾನ ಮಾಡಲಾಗುವುದು. ಆ ವರ್ಷದ ಮಟ್ಟಿಗೆ ಅಜ್ಜಿಯನ್ನು ಹಿರೇಮಗಳ ಮನೆಗೆ ಕಳಿಸುವ ಏರ್ಪಾಡೂ ಆಗಿದೆ.