ಹಂಗಳೂರು ಬಿಟ್ಟ ರಾಕ್ ಮಾಣಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಕೇರಿಗೆ ಹೋದರೂ ಈಗ ಒಬ್ಬ ರಾಕ್ ಮಾಣಿ ಸಿಗುತ್ತಾನೆ. ಸಿಗುತ್ತಾನೆ ಅಂದರೆ ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುತ್ತಾನೆ. ರಾತ್ರಿ ಪಿಜಿಯ ತಾರಸಿ ಹತ್ತಿ, ಗಿಟಾರ್ ಹಿಡಿದು, ‘ಹಂಗಳೂರಿಂದ ಬೆಂಗಳೂರಿಗೆ’ ಎಂಬ ತನ್ನ ಹಾಡನ್ನು ಅರಚುತ್ತಾನೆ. ಮೊದಲ ಸಲ ಮನೆ ಬಿಟ್ಟ ಸಂಕಟದಲ್ಲಿ ಹುಟ್ಟಿದ ಹಾಡಂತೆ.

ಆ ಸಂಕಟವನ್ನೂ ಕೇಳಿ. ಶಾಸ್ತ್ರಿ ಸರ್ಕಲ್ಲಿನಲ್ಲಿ ರಾತ್ರಿ ಬಸ್ಸು ಹತ್ತಿಸಲು ಪಕ್ಕದ ಮನೆಯ ನಾಯಿಯೊಂದು ಬಿಟ್ಟು ಇಡೀ ಕೇರಿ ಬಂದಿತ್ತು. ಜೊತೆಗೆ ರಟ್ಟಿನ ಪೆಟ್ಟಿಗೆಗಳು: ಕುಚ್ಚಲಕ್ಕಿ, ತೆಂಗಿನೆಣ್ಣೆ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣ ಸಿಗಡಿ. ಇಷ್ಟೆಲ್ಲ ತುಂಬಿದ ಮೇಲೆ ಡಿಕ್ಕಿಯಲ್ಲಿ ಗಿಟಾರಿಗೆ ಜಾಗ ಉಳಿಯಲಿಲ್ಲ. ರಾತ್ರಿಯಿಡೀ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದ. ಒಂಟಿತನದ ಚರಣ ಬರೆದದ್ದು ಆಗಲೇ.

ಇಂಗ್ಲೆಂಡಿನ ಬೀಟಲ್ಸ್ ತಂಡ 1967ರಲ್ಲಿ, ಮನೆ ಬಿಟ್ಟುಹೋದ ಹುಡುಗಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ‘ಷೀಸ್ ಲೀವಿಂಗ್ ಹೋಮ್’ ಮಾಡಿತು. ಅದರಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಪಿಟೀಲು, ಚೆಲ್ಲೊ, ಹಾರ್ಪ್‌ನಂಥ ತಂತಿವಾದ್ಯಗಳಷ್ಟೇ. ಮಾಣಿಗೆ ಇದು ಗೊತ್ತು, ಆದರೆ ಒಪ್ಪಿಗೆಯಿಲ್ಲ. ಬಡಗುತಿಟ್ಟಿನ ಚೆಂಡೆ ಕೇಳಿ ಬೆಳೆದ ಕಿವಿ; ಸದ್ದಿಲ್ಲದ ದುಃಖ ಅವನಿಗೆ ದುಃಖವೇ ಅಲ್ಲ.

ತೊಡಕಿರುವುದು ಪಲ್ಲವಿಯಲ್ಲಿ. ಬೆಂಗಳೂರಿನಲ್ಲಿ ತನ್ನವರು ಯಾರೂ ಇಲ್ಲ ಎಂದು ಅದರಲ್ಲಿ ಬೊಬ್ಬೆ ಹಾಕುತ್ತಾನೆ. ಪಿಜಿಯ ಮಾಲೀಕರು ಕೋಟದವರು. ಕೆಳಗಿನ ದರ್ಶಿನಿಯ ಗಲ್ಲಾದಲ್ಲಿರುವವರು ನಾವುಂದದವರು. ಮೊದಲ ದಿನವೇ ಅವರು ಟೋಕನ್ ಕೊಡುತ್ತ, “ಹ್ವಾಯ್, ನೀ ಯಾರ್ ಮನಿ ಮಾಣಿ?” ಎಂದು ಶುರುಮಾಡಿ ಅಜ್ಜನ ಹೆಸರಿನ ತನಕ ಹೋದರು. ಮಾಣಿ ಸಿಗರೇಟು ಸೇದಿದ ಸುದ್ದಿ ಸಂಜೆಯೊಳಗೆ ಹಂಗಳೂರು ಮುಟ್ಟಿತ್ತು.

ಅವರನ್ನು ದೂರಿ ಫಲವಿಲ್ಲ. ಪಾರಂಪಳ್ಳಿಯ ಮಯ್ಯರು 1924ರಲ್ಲಿ, ಮುಂದೆ ಎಂಟಿಆರ್ ಆದ ಹೋಟೆಲನ್ನು ಬೆಂಗಳೂರಿನಲ್ಲಿ ತೆರೆದ ಕಾಲದಿಂದ ನಮ್ಮ ಕಡೆಯವರು ಅಲ್ಲಿ ಒಲೆ ಹೊತ್ತಿಸುತ್ತಲೇ ಇದ್ದಾರೆ. ನಿಜವಾಗಿ ಮನೆ ಬಿಟ್ಟವರು ಮಾಣಿಯ ದೊಡ್ಡಜ್ಜ. ಮೀಸೆ ಮೂಡುವ ಮುಂಚೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದರು, ವರ್ಷಕ್ಕೊಂದು ಕಾಗದ ಹಾಕಿದರು. ಅವರ ಹತ್ತಿರ ಗಿಟಾರ್ ಇರಲಿಲ್ಲ. ಇದ್ದಿದ್ದರೆ ಧಣಿ ಅದನ್ನು ಸೌದೆಗೆ ಹಾಕುತ್ತಿದ್ದ.

ಮಾಣಿಯನ್ನು ಮನೆಯಲ್ಲಿ ಯಾರೂ ಗದರಿಸುವುದಿಲ್ಲ. 2018ರಲ್ಲಿ ರವಿ ಬಸ್ರೂರು ಸಂಗೀತದ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಎಲ್ಲರ ಬಾಯಿ ಕಟ್ಟಿದೆ. “ರವಿ ಬಸ್ರೂರು ಎಲ್ಲಿಯವ್ರ್? ಇಲ್ಲೇ ಬಸ್ರೂರಿನವ್ರಲ್ದಾ?” ಎನ್ನುತ್ತಾನೆ. ಅವರು ಅದಕ್ಕೆ ಮುಂಚೆ ಪಟ್ಟ ಪಾಡು ಮಾತ್ರ ಇವನ ವಾದದಲ್ಲಿ ಬರುವುದಿಲ್ಲ. ಆಸಾಡಿ ಅಮಾಸಿಯ ವಿಶ್ವ ಕುಂದಾಪ್ರ ಕನ್ನಡ ದಿನಕ್ಕೆ ವೇದಿಕೆ ಹತ್ತಬೇಕೆಂಬ ಆಸೆಯಿಂದ ಶನಿವಾರ ಸಂಜೆ ಜಗಲಿಯಲ್ಲೇ ತಾಲೀಮು. ಕಳೆದ ವಾರ, ಅಮ್ಮನನ್ನು ಬಿಟ್ಟುಹೋದ ನೋವಿನ ಚರಣವನ್ನು ತಾರಕಕ್ಕೇರಿಸಿ ನಿಲ್ಲಿಸಿದಾಗ ಹಟ್ಟಿಯಿಂದ ಅಮ್ಮನ ದನಿ ಬಂತು:

“ಪದ ಲಾಯ್ಕಿತ್ತ್ ಮಗಾ. ಹಾಲ್ ಕರದ್ ಆದ್ಮೇಲ್ ಹೇಳ್, ಗಂಟಿ ಹೆದ್ರತ್ತ್.”